ವಿಶ್ರಾಂತಿ ಗೃಹದ ಒಳಗೆ

ವಿಶ್ರಾಂತಿ ಗೃಹದ ಬಾಗಿಲು ತೆರೆದ ಕೃಷಿ ಇಲಾಖೆಯ ಉಪನಿರ್ದೇಶಕರು ಹೊಸ್ತಿಲಲ್ಲೇ ನಿಂತುಬಿಟ್ಟರು. ಮಂಚ ಇರಬೇಕಾದ ಕಡೆ ಉದ್ದನೆಯ ಮೇಜು. ಅದರ ತುಂಬ ಮುಚ್ಚಳವಿದ್ದ ಗಾಜಿನ ಬಟ್ಟಲುಗಳು, ಕಿಟಕಿಯ ಬೆಳಕಿಗೆ ಮುಖ ಮಾಡಿಟ್ಟ ಒಂದು ಸೂಕ್ಷ್ಮದರ್ಶಕ. ಬಚ್ಚಲಮನೆಯಲ್ಲಿ ಭತ್ತದ ಸಸಿಗಳ ಕುಂಡ. ಅವರ ಹಿಂದೆ ಹಾಸಿಗೆಯ ಸುರುಳಿ ಹೊತ್ತು ಬಂದ ಜೀಪಿನ ಚಾಲಕನಿಗೆ ಅದನ್ನು ಎಲ್ಲಿ ಇಳಿಸಬೇಕೆಂದು ತಿಳಿಯಲಿಲ್ಲ.

"ಏನ್ರೀ ಇದು, ಚಂದ್ರಶೇಖರಪ್ಪ?"

"ಪ್ರಯೋಗಾಲಯ, ಸರ್," ಎಂದ ಸಂಶೋಧನಾ ಕೇಂದ್ರದ ಮುಖ್ಯಸ್ಥ.

ಎಕ್ಕಂಬಿಯ ಹತ್ತಿರದ ಆ ಭತ್ತದ ಸಂಶೋಧನಾ ಕೇಂದ್ರಕ್ಕೆ ಚಂದ್ರಶೇಖರಪ್ಪ ಬಂದದ್ದು ಕನ್ನಡ ಸೀಮೆಗಳು ಒಂದೇ ರಾಜ್ಯವಾದ ಮರುವರ್ಷ. ಗದ್ದೆ ಇತ್ತು, ಬಾವಿ ಇತ್ತು. ರೋಗ ನೋಡಲು ಮಾತ್ರ ಒಂದು ಕೋಣೆ ಇರಲಿಲ್ಲ. ಪ್ರಯೋಗಾಲಯದ ಕಟ್ಟಡವನ್ನು ಮುಂದಿನ ಪಂಚವಾರ್ಷಿಕ ಯೋಜನೆಗೆ ತಳ್ಳಿ, ಪ್ರವಾಸದ ಮೇಲೆ ಬರುವ ಅಧಿಕಾರಿಗಳು ಉಳಿದುಕೊಳ್ಳುವ ಈ ವಿಶ್ರಾಂತಿ ಗೃಹಕ್ಕೇ ಮೊದಲು ಅನುದಾನ ಕೊಟ್ಟಿದ್ದರು. ಆತ ಮರುಮಾತಾಡದೆ ಮುಂದೆ ನಿಂತು ಕಟ್ಟಿಸಿದ. ಗೋಡೆಯ ಸುಣ್ಣ ಒಣಗಿದ ಕೂಡಲೇ ಧಾರವಾಡಕ್ಕೆ ಹೋಗಿ, ತನಗೆ ಪಾಠ ಹೇಳಿದ ಗುರುಗಳಿಂದ ಸೂಕ್ಷ್ಮದರ್ಶಕ ಎರವಲು ತಂದು ಒಳಗಿಟ್ಟ.

ಉಪನಿರ್ದೇಶಕರು ಕೂಗಾಡುವ ಮನುಷ್ಯರಲ್ಲ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಹೇಳಿದರು: "ನಿಮ್ಮ ಉದ್ದೇಶ ಒಳ್ಳೇದೇ ಇರಬಹುದು. ಆದರೆ ನಾಳೆ ಇನ್ನೊಬ್ಬ ಪ್ರಯೋಗಾಲಯದ ಹಣದಲ್ಲಿ ತನಗೊಂದು ಬಂಗಲೆ ಕಟ್ಟಿಸಿಕೊಳ್ತಾನೆ. ಅವನಿಗೆ ನಾನು ಯಾವ ಬಾಯಲ್ಲಿ ಬೇಡ ಅನ್ನಲಿ?"

 ಈ ಪ್ರಶ್ನೆಯನ್ನು ಚಂದ್ರಶೇಖರಪ್ಪನೂ ತನ್ನನ್ನು ಕೇಳಿಕೊಂಡಿದ್ದ.

"ನೀವು ಹೇಳೋದು ಸರಿ ಸರ್. ತೆರವು ಮಾಡು ಅಂದರೆ ಈಗಲೇ ಮಾಡ್ತೀನಿ. ಆದರೆ ಸುತ್ತಲಿನ ಗದ್ದೆಗೆಲ್ಲ ರೋಗ ಬಿದ್ದಿತ್ತು. ಮಂಜೂರಾತಿ ಬರಲಿ ಅಂತ ಕೂತಿರೋದು ನನ್ನಿಂದ ಆಗಲಿಲ್ಲ. ಮತ್ತೆ ಅಂಥದೇ ಸಂದರ್ಭ ಬಂದರೂ ಇದನ್ನೇ ಮಾಡ್ತೀನಿ."

"ತೆರವು ಮಾಡಿ," ಎಂದರು ಉಪನಿರ್ದೇಶಕರು.

ಚಂದ್ರಶೇಖರಪ್ಪ ಅಂಗಿಯ ತೋಳು ಮಡಚಿ ಸೂಕ್ಷ್ಮದರ್ಶಕಕ್ಕೆ ಕೈ ಹಾಕುವ ಹೊತ್ತಿಗೆ ಒಂದು ಹಿಡಿ ಭತ್ತದ ತೆನೆಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ನೀಲಗಂಗವ್ವ ಬಂದಳು. ಗಂಡ ತೀರಿಹೋದ ಮೇಲೆ ತಾನೇ ನಿಂತು ಕಮತ ಮಾಡಿಸುತ್ತಿದ್ದ ಹೆಂಗಸು. ಆಕೆಯ ಗದ್ದೆ ಕೇಂದ್ರದ ಬೇಲಿಗೆ ಹತ್ತಿಕೊಂಡೇ ಇತ್ತು.

"ಯಾಕ್ರಿ, ಎಲ್ಲಿಗ್ ಒಯ್ಯಾಕತ್ತೀರಿ ಇದನ್ನ?"

"ಸಾಹೇಬ್ರು ಇಳಕೋಬೇಕವ್ವ. ಕೋಣಿ ಅವರದು."

ನೀಲಗಂಗವ್ವ ಉಪನಿರ್ದೇಶಕರ ಕಡೆ ತಿರುಗಿದಳು. "ಹಂಗಾದ್ರ ನಮ್ಮನಿಗೆ ಬರ್ರಿ ಸಾಹೇಬ್ರ. ಪಡಸಾಲಿ ದೊಡ್ಡದೈತಿ, ಬಿಸಿ ರೊಟ್ಟಿ ಮಾಡಿ ಹಾಕ್ತೀನಿ. ನೀವು ಎಲ್ಲಿ ಬೇಕಾದ್ರೂ ಮಲಗಬಹುದು. ನನ್ನ ಭತ್ತ ನೋಡಾಕ ಇರೋದು ಇದೊಂದ ಜಾಗ."

ಚಾಲಕ ನಗು ಮುಚ್ಚಿಕೊಳ್ಳಲು ಮುಖ ಅತ್ತ ತಿರುಗಿಸಿಕೊಂಡ. ಉಪನಿರ್ದೇಶಕರು ಆಕೆಯ ಕೈಯಿಂದ ಒಂದು ತೆನೆ ತೆಗೆದುಕೊಂಡು, ಕಪ್ಪಾಗಿದ್ದ ಅದರ ಕುತ್ತಿಗೆಯನ್ನು ಬೆರಳಿಂದ ಸವರಿದರು.

"ಇದು ಏನು ಅಂತ ಇವರು ಹೇಳಿದರೇನಮ್ಮ?"

"ಬೆಂಕಿ ರೋಗ ಅಂದಾರ್ರಿ. ಹೋದ ವರ್ಷ ಅರ್ಧಕ್ಕರ್ಧ ಜೊಳ್ಳಾತು. ಊರಾಗ ಎಲ್ಲಾರೂ ದೃಷ್ಟಿ ಅಂದ್ರು. ನಾನೂ ಹಂಗ ತಿಳಕೊಂಡು ಬಾಜೂ ಮನಿ ಗಿರಿಜವ್ವನ ಕೂಡ ಮಾತು ಬಿಟ್ಟಿದ್ದೆ. ಅಕಿ ಕಣ್ಣ ಬಿದ್ದೈತಿ ಅಂದ್ಕೊಂಡಿದ್ದೆ. ಈ ಸಲ ಇವರು ಬೀಜಕ್ಕ ಔಷಧ ಹಾಕಿಸಿದ್ರು, ಅಲ್ಲೊಂದು ಇಲ್ಲೊಂದು ತೆನಿ ಬಿಟ್ರ ಉಳದದ್ದೆಲ್ಲ ಕಾಳು ಕಟ್ಟೈತಿ." ಆಕೆ ಸೆರಗು ಸರಿಮಾಡಿಕೊಂಡಳು. "ಗಿರಿಜವ್ವನ ಕೂಡ ಈಗ ಮಾತಾಡಾಕತ್ತೀನ್ರಿ."

ಉಪನಿರ್ದೇಶಕರು ಕೈಯಲ್ಲಿದ್ದ ತೆನೆಯನ್ನು ಮೇಜಿನ ಮೇಲಿಟ್ಟರು. ಆಮೇಲೆ ಹಾಸಿಗೆಯನ್ನು ಮತ್ತೆ ಜೀಪಿಗೆ ಹಾಕಲು ಚಾಲಕನಿಗೆ ಸನ್ನೆ ಮಾಡಿದರು. ಆ ರಾತ್ರಿ ನೀಲಗಂಗವ್ವನ ಪಡಸಾಲೆಯಲ್ಲಿ ಉಳಿದರು. ಬೆಳಗ್ಗೆ ಹೊರಡುವಾಗ ಚಂದ್ರಶೇಖರಪ್ಪನನ್ನು ಜೀಪಿನ ಹತ್ತಿರ ಕರೆದು, "ನಾನು ಕಂಡದ್ದನ್ನು ಕಂಡ ಹಾಗೇ ಬರೀತೀನಿ. ಏನನ್ನೂ ಮುಚ್ಚಿಡೋದಿಲ್ಲ," ಎಂದರು.

"ಬರೀರಿ ಸರ್. ನನಗೆ ಬೇಕಾದದ್ದೂ ಅದೇ."

ಬೇಸಿಗೆಯಲ್ಲಿ ಒಂದೇ ಟಪಾಲಿನಲ್ಲಿ ಎರಡು ಆದೇಶ ಬಂದವು. ಸರ್ಕಾರಿ ಕಟ್ಟಡವನ್ನು ಅನುಮತಿ ಇಲ್ಲದೆ ಬೇರೆ ಕೆಲಸಕ್ಕೆ ಬಳಸಿದ್ದಕ್ಕೆ ಚಂದ್ರಶೇಖರಪ್ಪನ ಆ ವರ್ಷದ ವೇತನ ಬಡ್ತಿ ತಡೆಹಿಡಿಯಲಾಗಿತ್ತು. ಅದೇ ಕೇಂದ್ರಕ್ಕೆ, ಮುಂದಿನ ಯೋಜನೆಯವರೆಗೆ ಕಾಯದೆ, ಪ್ರಯೋಗಾಲಯದ ಕಟ್ಟಡ ಮಂಜೂರಾಗಿತ್ತು. ಎರಡೂ ಉಪನಿರ್ದೇಶಕರ ವರದಿಯ ಮೇಲೆಯೇ ಹೊರಟಿದ್ದವು; ಎರಡರ ಕೆಳಗೂ ಇಲಾಖೆಯ ನಿರ್ದೇಶಕರದೇ ಸಹಿ. ಆತ ಒಬ್ಬನೇ ಕೂತು ಗಟ್ಟಿಯಾಗಿ ನಕ್ಕ. ಮೊದಲನೆಯದನ್ನು ಮೇಜಿನ ಖಾನೆಗೆ ಹಾಕಿ, ಎರಡನೆಯದರ ಜೊತೆ ಬಂದಿದ್ದ ನಕ್ಷೆ ಹಿಡಿದು ನೇರ ಕಟ್ಟಡ ಏಳಬೇಕಾದ ಬಯಲಿಗೆ ನಡೆದ.

ಸಂಜೆಯ ಹೊತ್ತಿಗೆ ನೆಲದ ಮೇಲೆ ಸುಣ್ಣದ ಗೆರೆ ಬಿದ್ದಿತ್ತು, ಮೂಲೆ ಮೂಲೆಗೆ ಗೂಟ ನಿಂತಿತ್ತು. ಗದ್ದೆಯಿಂದ ಮನೆಗೆ ಹೊರಟಿದ್ದ ನೀಲಗಂಗವ್ವ ಎರಡು ಗೂಟಗಳ ನಡುವೆ ಬಂದು ನಿಂತಳು.

"ಇದೇನ್ರಿ, ಬಾಗಲಾ?"

"ಹೂಂ, ಬಾಗಲ."

"ಇಷ್ಟ ಸಣ್ಣದಾ? ತಲಿ ಮ್ಯಾಲ ಹೊರಿ ಹೊತ್ಕೊಂಡು ಬಂದೋರು ಹೆಂಗ್ ಒಳಗ ಬರಬೇಕು?"

ಚಂದ್ರಶೇಖರಪ್ಪ ಕೈಯಲ್ಲಿದ್ದ ನಕ್ಷೆ ನೋಡಿದ. ಸರ್ಕಾರದ ಮುದ್ರೆ ಬಿದ್ದ ನಕ್ಷೆಯಲ್ಲಿ ಬಾಗಿಲು ಅಷ್ಟೇ ಇತ್ತು. ಅದನ್ನು ಮಡಚಿ ಜೇಬಿಗಿಟ್ಟ. ಬಗ್ಗಿ ಒಂದು ಗೂಟ ಕಿತ್ತು, ಒಂದು ಮೊಳ ಆಚೆಗೆ ಇಟ್ಟು, ಕಲ್ಲಿನಿಂದ ಗಟ್ಟಿಯಾಗಿ ಬಡಿದ.