ಕೆಂಪು ಕೈ

ಬೆಳಿಗ್ಗೆ ಏಳುವಷ್ಟರಲ್ಲಿ ರಕ್ತದ ಸಕ್ಕರೆ ಅಳೆಯುವ ನನ್ನ ಮಣಿಕಟ್ಟಿನ ಪಟ್ಟಿ ಕೆಂಪಾಗಿತ್ತು. ಸಕ್ಕರೆ ಏರಿ ಪಟ್ಟಿ ಕೆಂಪಾದವರ ಕೈ ಹತ್ತಿರವಿದ್ದರೆ ಅಡುಗೆಮನೆಯ ಬಾಗಿಲು ಯಾರಿಗೂ ತೆರೆಯುವುದಿಲ್ಲ. ಈಗ ಯಾರ ಮನೆಯಲ್ಲಾದರೂ ಅಷ್ಟೇ. ಪಟ್ಟಿ ಬಿಚ್ಚುವ ಕೀಲಿ ನನ್ನ ಹೆಂಡತಿ ನೀಲವ್ವನ ಸೊಂಟದಲ್ಲಿರುತ್ತದೆ.

“ಏನ ಕದ್ದು ತಿಂದ್ರಿ?” ಎಂದಳು.

“ನಿನ್ನೆ ಲಸಿಕಿ ಹಾಕಿಸ್ಕೊಂಡೀನಲ್ಲ. ಅದಕ್ಕ ಒಂದೆರಡು ದಿನ ಸಕ್ಕರಿ ಏರಬಹುದು ಅಂತ ಡಾಕ್ಟರೇ ಹೇಳ್ಯಾರ.”

“ಸುಳ್ಳು ಹೇಳಾಕ ನಾಚಿಕಿ ಬರಂಗಿಲ್ಲೇನು? ಇಳಿಯೂತನಕ ಹೊರಗ ಕುಂದರ್ರಿ!”

ಪಡಸಾಲೆಯಲ್ಲಿ ಹಲ್ಲು ಕಡಿಯುತ್ತ ಕುಳಿತೆ. ಅಷ್ಟರಲ್ಲಿ ಅವಳ ಅಣ್ಣ ಶಿವಲಿಂಗಪ್ಪ ಬಂದ. ಅವನಿಗೂ ಸಕ್ಕರೆ ಕಾಯಿಲೆ. ನಿನ್ನೆ ನನ್ನ ಹಿಂದೆಯೇ ನಿಂತು ಲಸಿಕೆ ಹಾಕಿಸಿಕೊಂಡಿದ್ದ. ಅವನ ಕೈಯ ಪಟ್ಟಿಯೂ ಕೆಂಪು.

“ಅಯ್ಯ ಅಣ್ಣಾ, ಲಸಿಕಿ ಹಾಕಿದ್ರ ಹಿಂಗ ಆಗೂದ, ತಗೋ,” ಎಂದು ನೀಲವ್ವ ಅದೇ ಕೀಲಿಯಿಂದ ಅವನ ಪಟ್ಟಿ ಬಿಚ್ಚಿಟ್ಟು, ಶೇಂಗಾ ಹೋಳಿಗೆ ಕೊಡಲು ಒಳಗೆ ಕರೆದೊಯ್ದಳು. ಅವರ ಹಿಂದೆ ಬಾಗಿಲು ಮುಚ್ಚಿಕೊಂಡಿತು.

ತುಪ್ಪದ ವಾಸನೆ ಬಂತು. ನಾನು ಕುರ್ಚಿ ಎಳೆದು ತಂದು ಆ ಬಾಗಿಲಿಗೇ ಒತ್ತಿ ಹಾಕಿ ಕುಳಿತೆ.

ಸ್ವಲ್ಪ ಹೊತ್ತಿಗೆ ಒಳಗಿನಿಂದ ಬಡಿತ ಶುರುವಾಯಿತು. “ರೀ, ಆಚೆ ಸರೀರಿ! ಬಾಗಲಾ ತೆರೀವಲ್ತು!”

“ಇಳಿಯೂತನಕ ಒಳಗ ಕುಂದರು,” ಎಂದು ಕೆಂಪು ಕೈಯನ್ನು ಬಾಗಿಲಿಗೆ ಆನಿಸಿದೆ.