ಮಾವನ ಪೆನ್ನಿನ ನಿಬ್ಬು

ಸೊಸೆಯ ಕೈಯಿಂದ ಮಾವನ ಪೆನ್ನು ಜಾರಿ, ಮೂತಿ ಅಡಿಯಾಗಿ ನೆಲಕ್ಕೆ ಬಿತ್ತು. ಲ್ಯಾಬಿನಿಂದ ಫೋನು ಬಂದಿತ್ತು, ಯಾರದೋ ಹಲ್ಲಿನ ಸೆಟ್ಟಿನ ಅಳತೆ ಬರೆದುಕೊಳ್ಳಬೇಕಿತ್ತು. ಅವಸರದಲ್ಲಿ ಮೇಜಿನ ಮೇಲೆ ಕೈಗೆ ಸಿಕ್ಕಿದ್ದು ಅದೊಂದೇ. ಎತ್ತಿ ನೋಡಿದರೆ ನಿಬ್ಬಿನ ಎರಡು ಸೀಳುಗಳು ಕಾಲಿನ ಮೇಲೆ ಕಾಲು ಹಾಕಿಕೊಂಡು ಕೂತಿದ್ದವು. ಕಟ್ಟುಹಲ್ಲು ಮಾಡುವುದೇ ಅವಳ ಕೆಲಸ; ಸೊಟ್ಟಗಿದ್ದದ್ದನ್ನು ನೆಟ್ಟಗೆ ಮಾಡಲು ತನಗೆ ಬರುತ್ತದೆಂಬ ಧೈರ್ಯ. ಚೀಲದಿಂದ ಚಿಕ್ಕ ಇಕ್ಕಳ ತೆಗೆದು ಮೆಲ್ಲಗೆ ಒತ್ತಿದಳು. ಚಿನ್ನದ ತುದಿ ಪಟ್ಟೆಂದು ಮುರಿಯಿತು.

"ಅಯ್ಯೋ, ಅದನ್ನ ಯಾಕೆ ಮುಟ್ಟೋಕೆ ಹೋದೆ?" ಬಾಗಿಲಲ್ಲಿ ಅತ್ತೆ ನಿಂತಿದ್ದರು. "ನಿಮ್ಮ ಮಾವನಿಗೆ ಮೊದಲನೇ ಹೆಂಡತಿ ಅದು ಕಣೇ. ನಾನು ಎರಡನೆಯವಳು."

ಮಾವ ಕೋರ್ಟಿನಲ್ಲಿ ಟೈಪಿಸ್ಟ್ ಆಗಿದ್ದವರು. ನಿವೃತ್ತಿಯ ದಿನ ಆಫೀಸಿನವರೆಲ್ಲ ಸೇರಿ ಈ ದುಬಾರಿ ಪೆನ್ನು ಕೊಟ್ಟಿದ್ದರು. ಭಾನುವಾರ ಬಂತೆಂದರೆ ಅದನ್ನು ಮಖಮಲ್ಲಿನ ಡಬ್ಬಿಯಿಂದ ತೆಗೆದು, ಒರೆಸಿ, ಮಗುವನ್ನು ಮಲಗಿಸಿದಂತೆ ಮತ್ತೆ ಒಳಗಿಡುತ್ತಿದ್ದರು. ಅಪ್ಪನಿಗೆ ಎದುರು ಮಾತಾಡಿದರೂ ನಡೆಯುತ್ತೆ, ಪೆನ್ನಿನ ತಂಟೆಗೆ ಮಾತ್ರ ಹೋಗಬೇಡ ಎಂದು ಮದುವೆಯಾದ ಹೊಸತರಲ್ಲೇ ಗಂಡ ಅವಳಿಗೆ ಹೇಳಿದ್ದ. ಇವತ್ತೂ ಒರೆಸುತ್ತ ಕೂತಿದ್ದವರು, ಚೆಸ್ ಆಡಲು ಗೆಳೆಯ ಕರೆದನೆಂದು ಮೇಜಿನ ಮೇಲೇ ಬಿಟ್ಟು ಹೋಗಿದ್ದರು.

"ಅವರು ಬರೋದು ಸಂಜೆಗೆ. ಓಡು, ಅಂಥದ್ದೇ ನಿಬ್ಬು ಹಾಕಿಸ್ಕೊಂಡು ಬಾ," ಎಂದು ಅತ್ತೆ ಅವಳ ಚಪ್ಪಲಿಯನ್ನು ಕಾಲಿನಿಂದಲೇ ಮುಂದೆ ತಳ್ಳಿದರು. "ನೀನೂ ಏನೂ ಮಾಡಿಲ್ಲ, ನಾನೂ ಏನೂ ನೋಡಿಲ್ಲ."

ಪೆನ್ನು ರಿಪೇರಿಯ ಅಂಗಡಿಯಲ್ಲಿ, ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡಿದ್ದ ಹೆಂಗಸು ಪೆನ್ನನ್ನು ಬಿಚ್ಚಿ ನೋಡಿದಳು. "ಇದು ಸರಿಹೋಗಲ್ಲ ಮೇಡಂ, ನಿಬ್ಬೇ ಬದಲಾಯಿಸಬೇಕು. ಇದ್ದಿದ್ದು ತುಂಬಾ ಸಣ್ಣ ಮೊನೆ, ಹಗುರ ಕೈಯವರಿಗೆ ಮಾಡಿದ್ದು. ಅದನ್ನೇ ಹಾಕ್ಲಾ?" ಎಂದವಳು, ಮತ್ತೆ ಕಣ್ಣು ಕಿರಿದು ಮಾಡಿದಳು. "ಹೊಸ ಪೆನ್ನಾ ಇದು? ಒಳಗೆ ಇಂಕು ಅಷ್ಟಾಗಿ ಹರಿದಾಡಿದ ಹಾಗೇ ಇಲ್ಲವಲ್ಲ."

ಸೊಸೆಗೆ ತನ್ನ ಲ್ಯಾಬು ನೆನಪಾಯಿತು. ಅಳತೆಗೆ ಹೊಂದದ ಹಲ್ಲಿನ ಸೆಟ್ಟನ್ನು ಜನ ಡಬ್ಬಿಯಲ್ಲಿ ಜೋಪಾನವಾಗಿಡುತ್ತಾರೆ. ಕೇಳಿದರೆ, ಬಹಳ ಚೆನ್ನಾಗಿದೆ, ಹಬ್ಬ ಹುಣ್ಣಿಮೆಗೆ ಹಾಕಿಕೊಳ್ಳೋಣ ಅಂತ ಎತ್ತಿಟ್ಟಿದ್ದೇನೆ ಅನ್ನುತ್ತಾರೆ. ನೋಯುತ್ತದೆ ಎಂದು ಬಾಯಿಬಿಟ್ಟು ಹೇಳುವವರು ಕಡಿಮೆ. ಅವಳು ಮನೆಗೆ ಫೋನು ಮಾಡಿದಳು.

"ಅತ್ತೆ, ಮಾವ ಹೇಗೆ ಬರೀತಾರೆ?"

"ಬರೆಯೋದೆಲ್ಲಿ ಬಂತು, ಕೆತ್ತೋದು! ಟೈಪ್ ಮಿಷನ್ನು ಕುಟ್ಟಿ ಕುಟ್ಟಿ ಬೆರಳೆಲ್ಲ ಸುತ್ತಿಗೆ ಆಗಿವೆ. ಕಾಗದ ತಿರುಗಿಸಿದ್ರೆ ಹಿಂದಿನಿಂದಾನೂ ಓದಬಹುದು. ಯಾಕೆ?"

"ಹಾಗಾದ್ರೆ ದಪ್ಪ ನಿಬ್ಬು ಹಾಕಿಸ್ತೀನಿ."

"ನಿನಗೇನು ತಲೆಗಿಲೆ ಕೆಟ್ಟಿದ್ಯಾ? ನೋಡಿದ ತಕ್ಷಣ ಗೊತ್ತಾಗಿಬಿಡುತ್ತೆ!"

"ಗೊತ್ತಾಗ್ಲಿ ಬಿಡಿ, ನಾನೇ ಹೇಳ್ತೀನಿ." ಮಾತು ಗಟ್ಟಿಯಾಗಿಯೇ ಬಂತು. ಅತ್ತೆ ಇನ್ನೇನಾದರೂ ಅನ್ನುವ ಮೊದಲೇ ಫೋನು ಇಟ್ಟುಬಿಟ್ಟಳು.

ಸಂಜೆ ಮಾವ ಬಂದು ಇನ್ನೂ ಕುರ್ಚಿಯಲ್ಲಿ ಕೂತಿರಲಿಲ್ಲ, ಅವಳು ಫೋನು ಬಂದದ್ದು, ಪೆನ್ನು ಬಿದ್ದದ್ದು, ಇಕ್ಕಳ, ಅಂಗಡಿ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ, ಅಂಗಡಿಯಲ್ಲೇ ಇಂಕು ತುಂಬಿಸಿ ತಂದಿದ್ದ ಪೆನ್ನನ್ನು ಮುಂದಿಟ್ಟಳು. ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ಗಪ್ಪನೆ ನಿಂತಿತು. ಮಾವ ಮುಚ್ಚಳ ತೆಗೆದು ನಿಬ್ಬನ್ನು ಬೆಳಕಿಗೆ ಹಿಡಿದರು. ಹಳೆಯ ಪೇಪರನ್ನು ಎಳೆದುಕೊಂಡು ಅದರ ಅಂಚಿನಲ್ಲಿ ಒಂದು ಅಕ್ಷರ ಬರೆದರು, ತಮ್ಮ ಎಂದಿನ ಭಾರ ಹಾಕಿ. ನಿಬ್ಬು ಮೆತ್ತಗೆ ಅರಳಿಕೊಂಡು, ಬೆಣ್ಣೆಯ ಮೇಲೆ ಬೆರಳಾಡಿದಂತೆ ಹರಿಯಿತು. ಇನ್ನೊಂದು ಬರೆದರು. ಆಮೇಲೆ ತಮ್ಮ ಹೆಸರು, ಹೆಂಡತಿಯ ಹೆಸರು, ಸೊಸೆಯ ಹೆಸರು. ಪೇಪರಿನ ಅಂಚು ಮುಗಿದಾಗ ತಲೆಯೆತ್ತಿ ನಕ್ಕುಬಿಟ್ಟರು. ಅವರ ಬಾಯಲ್ಲಿ ಅಷ್ಟು ಹಲ್ಲುಗಳಿವೆ ಎಂದು ಸೊಸೆಗೆ ಅವತ್ತೇ ಗೊತ್ತಾದದ್ದು.

"ಹಾಳಾದ್ದು, ಇಷ್ಟು ವರ್ಷ ಬರೀ ಪರಚ್ತಾ ಇತ್ತಮ್ಮ! ಒಂದು ಗೆರೆ ಎಳೆದ್ರೆ ಕಾಗದ ಹರಿದು ಹೋಗೋದು," ಎಂದರು. "ಅಷ್ಟು ಜನ ಸೇರಿ ಪ್ರೀತಿಯಿಂದ ಕೊಟ್ಟಿದ್ದು, ಚೆನ್ನಾಗಿಲ್ಲ ಅನ್ನೋಕೆ ಬಾಯಿ ಬರುತ್ತಾ? ಅದಕ್ಕೇ ಒರೆಸಿ ಒರೆಸಿ ಇಡ್ತಿದ್ದೆ."

"ನಾವೇನೋ ಭಕ್ತಿ ಅಂದ್ಕೊಂಡಿದ್ವಿ," ಎಂದರು ಅತ್ತೆ, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಈಚೆ ಬಂದು.

ಆಮೇಲೆ ಮಾವನನ್ನು ಹಿಡಿಯುವವರೇ ಇರಲಿಲ್ಲ. ಜೀವಮಾನವಿಡೀ ಬೇರೆಯವರ ಮಾತನ್ನೇ ಕುಟ್ಟಿದ ಬೆರಳುಗಳು ಕಟ್ಟೆಯೊಡೆದ ಕೆರೆಯಂತಾಗಿದ್ದವು. ಕ್ಯಾಲೆಂಡರಿನ ಖಾಲಿ ಚೌಕಗಳು ತುಂಬಿದವು. ಅಡುಗೆಮನೆಯ ಡಬ್ಬಿಗಳಿಗೆಲ್ಲ ಚೀಟಿ ಬಂತು. ಕಣ್ಣಿಗೆ ರಾಚುವಂತಿದ್ದ ಗಾಜಿನ ಬಾಟಲಿಯ ಸಕ್ಕರೆಯೂ 'ಸಕ್ಕರೆ' ಅನ್ನಿಸಿಕೊಂಡಿತು. ಸೊಸೆಯ ಊಟದ ಡಬ್ಬಿಯ ಮೇಲೆ 'ನಿಧಾನವಾಗಿ ತಿನ್ನು' ಎಂದು ಬಿತ್ತು. ಅದನ್ನು ಓದಿ ಅವಳು ಒಬ್ಬಳೇ ನಕ್ಕಳು.

"ಈ ಮನೇಲಿ ಇನ್ನು ಬರೆಯೋಕೆ ಉಳಿದಿರೋದು ನನ್ನ ಹಣೆ ಒಂದೇ," ಎಂದರು ಅತ್ತೆ.

"ಅದನ್ನ ಬರೆದವನ ಹತ್ರ ಈ ನಿಬ್ಬು ಇರಲಿಲ್ಲ ಕಣೇ," ಎಂದರು ಮಾವ, ಇಂಕಾದ ಬೆರಳುಗಳನ್ನು ನೋಡಿಕೊಳ್ಳುತ್ತ. "ಇದ್ದಿದ್ರೆ ನಿನಗೆ ಇನ್ನೂ ಒಳ್ಳೇ ಗಂಡನ್ನ ಬರೀತಿದ್ದ."

ಅತ್ತೆ ಸಕ್ಕರೆ ಬಾಟಲಿಯ ಚೀಟಿಯನ್ನು ಹೆಬ್ಬೆರಳಿನಿಂದ ಸವರಿ ಸರಿಯಾಗಿ ಅಂಟಿಸಿದರು.

"ಇರ್ಲಿ ಬಿಡಿ," ಎಂದರು. "ಆ ಅಕ್ಷರ ಓದಿ ಓದಿ ನನಗೆ ರೂಢಿಯಾಗಿದೆ."