ತಮ್ಮ ಬರೆದ ನಗೆಪುಸ್ತಕ

"ಅಪ್ಪ, ಕಾಲು ಅಲ್ಲಾಡಿಸಬೇಡಿ ಅಂತ ಎಷ್ಟು ಸಲ ಹೇಳ್ಲಿ? ರಕ್ತ ಬಂದ್ರೆ ಆಮೇಲೆ ನನ್ನನ್ನ ಕೇಳಬೇಡಿ!"

ಅಪ್ಪನ ಬಲಗಾಲನ್ನು ತೊಡೆಯ ಮೇಲಿಟ್ಟುಕೊಂಡು ಮಗಳು ಉಗುರು ತೆಗೆಯುತ್ತಿದ್ದಳು. ಸಕ್ಕರೆ ಕಾಯಿಲೆಯ ಕಾಲು, ಚೂರು ಗೀರಿದರೂ ತಿಂಗಳುಗಟ್ಟಲೆ ಮಾಯುವುದಿಲ್ಲ. ಬಿಸಿನೀರಿನಲ್ಲಿ ನೆನೆಸಿ, ಒರೆಸಿ, ಹೆಬ್ಬೆರಳಿನ ಕಲ್ಲಿನಂಥ ಉಗುರಿಗೆ ಕೈ ಹಚ್ಚಿದ್ದಳಷ್ಟೆ, ಅಪ್ಪ ಪುಸ್ತಕ ತೆರೆದರು. ಅಲ್ಲಿಂದ ಶುರುವಾಯಿತು ಅವಳ ಕರ್ಮ. ಮನಸ್ಸಿನಲ್ಲೇ ಓದಿಕೊಳ್ಳುವುದು ಅಪ್ಪನಿಗೆ ಗೊತ್ತಿಲ್ಲ. ಗಟ್ಟಿಯಾಗಿ ಓದಬೇಕು, ಓದುತ್ತ ನಗಬೇಕು, ಅದೂ ನಗುವ ಜಾಗ ಬರುವುದಕ್ಕೆ ಮೊದಲೇ. ಅರ್ಧ ವಾಕ್ಯಕ್ಕೆ ನಗು ಉಕ್ಕಿ, ನಗು ಕೆಮ್ಮಾಗಿ, ಕೆಮ್ಮಿಗೆ ಕಾಲು ಜಿಗಿದು, ನೇಲ್ ಕಟರ್ ಕೈಜಾರುತ್ತಿತ್ತು. ಜೋಕು ಏನಾಗಿತ್ತು ಎಂಬುದು ಮಾತ್ರ ಕೊನೆಗೂ ಅವಳಿಗೆ ತಿಳಿಯುತ್ತಿರಲಿಲ್ಲ.

ಪುಸ್ತಕ ಅವಳ ತಮ್ಮನದು. ಊರೂರು ತಿರುಗಿ, ಮೈಕು ಹಿಡಿದು ಒಬ್ಬನೇ ನಿಂತು ಜನರನ್ನು ನಗಿಸುವ ಸ್ಟ್ಯಾಂಡಪ್ ಕಾಮಿಡಿಯನ್ ಅವನು. ಬರೆದ ಮೊದಲ ಪುಸ್ತಕ ಅವತ್ತು ಬೆಳಿಗ್ಗೆ ಕೊರಿಯರಿನಲ್ಲಿ ಬಂದಿತ್ತು. ಡ್ರಿಲ್ ಮೇಷ್ಟ್ರಾಗಿದ್ದಷ್ಟು ಕಾಲ ಹಲ್ಲು ಕಿರಿಯದ ಅಪ್ಪ, ಕೂಡಿಟ್ಟುಕೊಂಡಿದ್ದ ನಗುವನ್ನೆಲ್ಲ ಇವತ್ತೇ ಖಾಲಿ ಮಾಡುವವರ ಹಾಗೆ ನಗುತ್ತಿದ್ದರು. ಅವಳು ಮಧ್ಯಾಹ್ನದ ಪಾಳಿಗೆ ಔಷಧಿ ಅಂಗಡಿಗೆ ಓಡಬೇಕು. ಎಡಗಾಲು ಇನ್ನೂ ಬಿಸಿನೀರಿನ ಟಬ್ಬಿನಲ್ಲೇ ಇತ್ತು.

"ಇದು ಕೇಳೇ," ಎಂದರು ಅಪ್ಪ. "'ನಮ್ಮಪ್ಪನಿಗೆ ಕೋಪ ಬಂದರೆ ಗೋಡೆಯ ಗಡಿಯಾರವೂ ಅಟೆನ್ಷನ್‌ನಲ್ಲಿ ನಿಲ್ಲುತ್ತಿತ್ತು.' ಹೆಹ್ಹೆ! 'ಒಂದು ದಿನ ನಾನು ಕನ್ನಡಿ ಮುಂದೆ ನಿಂತು ಹೀರೋ ಥರ ತಲೆ ಬಾಚುತ್ತಿದ್ದೆ. ಹಿಂದಿನಿಂದ ಅಪ್ಪ ಬಂದರು. ಕೈಯಲ್ಲಿ ಅಮ್ಮನ ಬಟ್ಟೆ ಕತ್ತರಿ...' ಅಯ್ಯೋ, ಆಗಲ್ಲಪ್ಪಾ ನನ್ನ ಕೈಲಿ!"

ಮಗಳ ಕೈ ನಿಂತಿತು. "ಓದಿ, ಅಪ್ಪ," ಎಂದಳು. ಬೆಳಿಗ್ಗೆಯಿಂದ ಅವಳು ಓದಿ ಎಂದದ್ದು ಅದೇ ಮೊದಲು.

"'ಕಚಕ್ ಅಂತ ಬಲಗಡೆ ಕ್ರಾಪು ನೆಲಕ್ಕೆ ಬಿತ್ತು. ಇನ್ನರ್ಧ ಚೆನ್ನಾಗಿ ಬಾಚ್ಕೊಂಡು ಸ್ಕೂಲಿಗೆ ಹೊರಡು ಅಂದರು. ಅಂದಿನಿಂದ ನಾನು ಎಡಗಡೆಯಿಂದ ಮಾತ್ರ ಫೋಟೋ ತೆಗೆಸಿಕೊಳ್ಳೋದು.'" ಅಪ್ಪ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಏನು ಕಟ್ಟುತ್ತಾನೆ ನೋಡು! ನಾನ್ಯಾವಾಗ ಇವನ ಕೂದಲಿಗೆ ಕತ್ತರಿ ಹಾಕಿದ್ದೆ?"

"ಅವನ ಕೂದಲಿಗೆ ಹಾಕಿಲ್ಲ ಅಪ್ಪ. ನನ್ನ ಜಡೆ ಕತ್ತರಿಸಿದ್ರಿ."

ಆಗ ಅವಳು ಎಂಟನೇ ಕ್ಲಾಸು. ಕನ್ನಡಿ ಬಿಟ್ಟು ಬರಲು ತಡಮಾಡಿದ್ದಷ್ಟೇ ತಪ್ಪು. ಅಪ್ಪ ಸಿಟ್ಟಾಗಿದ್ದಾರೆಂದು ಅಮ್ಮ ಹೆದರಿ ನಕ್ಕಿದ್ದಳು. ತನ್ನ ಅಣ್ಣನನ್ನು ಮೆಚ್ಚಿಸಲು ಅಪ್ಪನ ತಂಗಿ, ಅತ್ತೆ, ನಕ್ಕಿದ್ದಳು. ಆಮೇಲೆ ನೆಂಟರು ಸೇರಿದಾಗಲೆಲ್ಲ ಯಾರಾದರೊಬ್ಬರು ಆ ಮೊಂಡು ಜಡೆಯ ಸುದ್ದಿ ಎತ್ತುವುದು, ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುವುದು. ನಗದಿದ್ದರೆ ಮೂತಿ ಉಬ್ಬಿಸಿಕೊಂಡಳು ಅನ್ನುತ್ತಾರೆಂದು ಅವಳೂ ಜೊತೆಗೆ ನಕ್ಕಿದ್ದಳು. ಇದನ್ನು ಕೇಳಿ ನಗದೇ ಇರುವವರು ಒಬ್ಬರಾದರೂ ಸಿಕ್ಕಾರು ಎಂಬ ಆಸೆ ಮಾತ್ರ ಇಷ್ಟು ವರ್ಷವಾದರೂ ಹೋಗಿರಲಿಲ್ಲ.

ಅಪ್ಪ ಕನ್ನಡಕ ಹಾಕಿಕೊಂಡು ಅವಳನ್ನೇ ನೋಡಿದರು. "ಜಡೆನಾ? ನಾನಾ?" ಸ್ವಲ್ಪ ಯೋಚಿಸಿದರು. "ಇದ್ದರೂ ಇರಬಹುದು. ಮತ್ತೆ ಬೆಳೀತಲ್ಲ, ಇನ್ನೇನು? ಆದ್ರೂ ಅವನು ಬರೆದಿರೋದೇ ಚೆನ್ನಾಗಿದೆ ಬಿಡು." ಪುಟ ತಿರುವಿ ಮುಂದಿನದಕ್ಕೆ ನಗಲು ತಯಾರಾದರು.

ಅವಳಿಗೆ ಪಿತ್ತ ನೆತ್ತಿಗೇರಿತು. ಉಗುರು ಹಾಳಾಗಿ ಹೋಗಲಿ ಎಂದು ಕಾಲನ್ನು ಮಣೆಯ ಮೇಲೆ ಕುಕ್ಕಿ, ಅಡುಗೆಮನೆಗೆ ಹೋಗಿ ತಮ್ಮನಿಗೆ ಫೋನ್ ಹಚ್ಚಿದಳು.

"ಅಕ್ಕಾ! ಪುಸ್ತಕ ಬಂತಾ? ಅಪ್ಪ ನಕ್ರಾ? ಎಲ್ಲಿ ಜಾಸ್ತಿ ನಕ್ರು?"

"ಕತ್ತರಿ ಹತ್ರ. ಅಲ್ವೋ, ನಾಚಿಕೆ ಆಗಲ್ವಾ ನಿನಗೆ? ಅವತ್ತು ಮಂಚದ ಕೆಳಗೆ ಅಡಗಿ ಕೂತಿದ್ದೋನು ನೀನು. ಅನುಭವಿಸಿದೋಳು ನಾನು, ಚಪ್ಪಾಳೆ ನಿನಗಾ? ಅಪ್ಪ ಇಷ್ಟು ಹೊತ್ತು ಓದಿದ್ರಲ್ಲಿ ಅಕ್ಕ ಅಂತ ಒಬ್ಬಳು ಇದ್ದಳು ಅನ್ನೋದೇ ಇಲ್ವಲ್ಲೋ!"

ಆ ಕಡೆ ಯಾರೋ ಮೈಕು ಪರೀಕ್ಷೆ ಮಾಡುತ್ತಿದ್ದ ಸದ್ದು. ತಮ್ಮ ಪಕ್ಕಕ್ಕೆ ಸರಿದು ದನಿ ತಗ್ಗಿಸಿದ.

"ಮೊದಲು ನಿಂದು ಅಂತಾನೇ ಹೇಳಿದ್ದೆ ಅಕ್ಕ. ಹೋದ ವರ್ಷ, ಸ್ಟೇಜ್ ಮೇಲೆ. ನಡೆದದ್ದನ್ನ ನಡೆದ ಹಾಗೇ. ಕತ್ತರಿ, ಜಡೆ, ನೀನು ಅದನ್ನ ನೆಲದಿಂದ ಎತ್ಕೊಂಡು ಧೂಳು ಕೊಡವಿದ್ದು, ಎಲ್ಲ. ಶೋ ಎಕ್ಕುಟ್ಟಿಹೋಯ್ತು. ಇಡೀ ಹಾಲ್ ಸುಮ್ಮನಾಗಿಬಿಡ್ತು. ಅದಕ್ಕೇ ಹುಡುಗನ್ನ ಮಾಡ್ದೆ, ಕ್ರಾಪು ಮಾಡ್ದೆ. ಇಲ್ದಿದ್ರೆ ಯಾರು ನಗ್ತಾರೆ?"

ಹಜಾರದಲ್ಲಿ ಅಪ್ಪನ ನಗು ಮತ್ತೆ ಕೆಮ್ಮಿಗೆ ತಿರುಗಿತು. ಅವಳು ಬಾಗಿಲು ಹಾಕಿಕೊಂಡು ಫೋನನ್ನು ಕಿವಿಗೆ ಒತ್ತಿ ಹಿಡಿದಳು.

"ಒಬ್ಬರೂ ನಗಲಿಲ್ವಾ?"

"ಒಬ್ಬರೂ ಇಲ್ಲ. ಮುನ್ನೂರು ಜನ ಅಕ್ಕಾ! ನನ್ನ ಮಾನ ಹೋಯ್ತು."

"ಎಷ್ಟು ಹೊತ್ತು ಸುಮ್ಮನಿದ್ರು?" ಎಂದಳು ಅವಳು. "ನೆನಪು ಮಾಡ್ಕೊಂಡು ಸರಿಯಾಗಿ ಹೇಳು."